ಶಾಲು ಯಾರಿಗೆ, ಯಾಕೆ? – ನೀರು ಬಿಡುವವರ ಸನ್ಮಾನದ ಬಗ್ಗೆ ಒಂದು ಉತ್ತರ

ಮಾನ್ಯರೇ,

ನಿಮ್ಮ ಪತ್ರ ತಲುಪಿದೆ. ಉಳಿದ ಓದುಗರಿಗಾಗಿ ಅದರ ಸಾರ ಇಷ್ಟು. ನಿಮ್ಮ ಊರಿನ ನೀರು ಸರಬರಾಜು ಸಂಸ್ಥೆಯ ಸಿಬ್ಬಂದಿಗೆ ನಡೆದ ಸನ್ಮಾನದ ಸುದ್ದಿಯನ್ನು ಕಳೆದ ಸಂಚಿಕೆಯಲ್ಲಿ ಓದಿ ನಿಮಗೆ ಸಿಟ್ಟು ಬಂದಿದೆ. "ನಮ್ಮ ಬೀದಿಗೆ ಎರಡು ದಿನಕ್ಕೊಮ್ಮೆ ನೀರು, ಅದರಲ್ಲೂ ಮೊದಲ ಹತ್ತು ನಿಮಿಷ ಕೆಂಪು. ಸಂಬಳ ತಗೊಂಡು ಮಾಡುವ ಕೆಲಸಕ್ಕೆ ಶಾಲು, ಹಾರ, ಫಲತಾಂಬೂಲ ಯಾಕೆ? ಅದು ಸುದ್ದಿ ಹೇಗಾಗುತ್ತದೆ?" ಎಂದು ಕೇಳಿದ್ದೀರಿ. ಕೊನೆಯಲ್ಲಿ, ಸಿಟ್ಟು ಸ್ವಲ್ಪ ಇಳಿದ ಮೇಲೆ ಬರೆದಂತಿರುವ ಒಂದು ಸಾಲೂ ಇದೆ: ನಿಮ್ಮ ಬಡಾವಣೆಯ ಸಂಘದವರು ರಾಜ್ಯೋತ್ಸವದ ದಿನ ನಿಮ್ಮ ಬೀದಿಗೆ ನೀರು ಬಿಡುವವರನ್ನೇ ಸನ್ಮಾನಿಸಬೇಕೆಂದಿದ್ದಾರೆ, ಅದನ್ನು ಹೇಗೆ ಮಾಡಿದರೆ ಅರ್ಥವಿರುತ್ತದೆ ಎಂದು. ಪತ್ರದಲ್ಲಿದ್ದ ಊರು, ಕಚೇರಿ, ಅಧಿಕಾರಿಗಳ ಹೆಸರುಗಳನ್ನು ಬಿಟ್ಟಿದ್ದೇವೆ.

ಸನ್ಮಾನ ಮಾಡಿದ್ದರಲ್ಲಿ ತಪ್ಪೇನಿಲ್ಲ ಎಂಬುದು ನಮ್ಮ ಅಭಿಪ್ರಾಯ. ತೊಂದರೆ ಇರುವುದು ಸಂಸ್ಥೆಗಳು ಕಳಿಸುವ ಪ್ರಕಟಣೆಯಲ್ಲಿ. ಅದರಲ್ಲಿ ಹೆಸರು, ಹುದ್ದೆ, ಅತಿಥಿಗಳ ಪಟ್ಟಿ ಎಲ್ಲ ಇರುತ್ತದೆ. "ಉತ್ತಮ ಸೇವೆಗಾಗಿ" ಎಂಬ ಎರಡು ಪದದಾಚೆಗೆ ಆ ವ್ಯಕ್ತಿ ಏನು ಮಾಡಿದರು ಎಂಬುದು ಇರುವುದಿಲ್ಲ. ನೀರಿನ ಕೆಲಸದಲ್ಲಿ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಇರುವ ಅಂತರ ಬಹಳ ಸೂಕ್ಷ್ಮ, ಅದನ್ನು ಅಳೆಯಲೂ ಬರುತ್ತದೆ. ನಿಮ್ಮ ಕೆಂಪು ನೀರಿನಿಂದಲೇ ಶುರು ಮಾಡೋಣ.

ಬೀದಿಯ ಮೂಲೆಯಲ್ಲಿ ಕಬ್ಬಿಣದ ಮುಚ್ಚಳ ತೆಗೆದು, ಟಿ ಆಕಾರದ ಉದ್ದನೆಯ ಕೀ ಇಳಿಸಿ ತಿರುಗಿಸುವವರನ್ನು ನೋಡಿರುತ್ತೀರಿ. ಒಳಗಿರುವುದು ಸಾಮಾನ್ಯವಾಗಿ ಸ್ಲೂಯಿಸ್ ವಾಲ್ವ್, ಅಂದರೆ ಕೊಳವೆಗೆ ಅಡ್ಡಲಾಗಿ ಇಳಿದು ನೀರು ತಡೆಯುವ ಬಾಗಿಲು. ಅದನ್ನು ಪೂರ್ತಿ ಮುಚ್ಚಲು ಎಷ್ಟು ಸುತ್ತು ಬೇಕು ಎಂಬುದಕ್ಕೆ ಒಂದು ಅಂದಾಜು ಲೆಕ್ಕವಿದೆ: ಕೊಳವೆಯ ವ್ಯಾಸ ಎಷ್ಟು ಇಂಚೋ ಅದರ ಮೂರು ಪಟ್ಟು, ಮೇಲೆ ಎರಡೋ ಮೂರೋ. ಆರಿಂಚಿನ ಕೊಳವೆಗೆ ಇಪ್ಪತ್ತರ ಆಸುಪಾಸು, ಹನ್ನೆರಡಿಂಚಿಗೆ ಮೂವತ್ತೆಂಟು ಮೂವತ್ತೊಂಬತ್ತು. ಸುತ್ತು ಎಣಿಸುವ ಅಭ್ಯಾಸವಿರುವವರಿಗೆ ಹದಿನಾಲ್ಕಕ್ಕೇ ವಾಲ್ವ್ ಬಿಗಿಯಾದರೆ ಒಳಗೆ ಕಲ್ಲೋ ಮಣ್ಣೋ ಕೂತಿದೆ ಎಂದು ಕೈಯಲ್ಲೇ ಗೊತ್ತಾಗುತ್ತದೆ. ಎಣಿಸದವರು ಕೀಗೆ ಇನ್ನೊಂದು ಪೈಪ್ ಸಿಕ್ಕಿಸಿ ಬಲ ಹಾಕುತ್ತಾರೆ, ಸ್ಪಿಂಡಲ್ (ಕೀ ತಿರುಗಿಸುವ ಒಳಗಿನ ದಂಡ) ಮುರಿಯುತ್ತದೆ. ಆಮೇಲೆ ಆ ವಾಲ್ವ್ ಅರ್ಧ ತೆರೆದ ಸ್ಥಿತಿಯಲ್ಲೇ ವರ್ಷಗಟ್ಟಲೆ ಉಳಿಯುತ್ತದೆ. ಅದರ ಮುಂದಿನ ಬೀದಿಯವರು "ಪ್ರೆಶರ್ ಇಲ್ಲ" ಎಂದು ದೂರುತ್ತಲೇ ಇರುತ್ತಾರೆ.

ಈ ವಾಲ್ವ್‌ಗೆ ಇನ್ನೊಂದು ಗುಣವಿದೆ. ಅರ್ಧ ಮುಚ್ಚಿದರೂ ಹರಿವು ಅರ್ಧಕ್ಕೆ ಇಳಿಯುವುದಿಲ್ಲ. ನೀರು ನಿಜವಾಗಿ ಕಡಿಮೆಯಾಗುವುದು ಕೊನೆಯ ಕೆಲವು ಸುತ್ತುಗಳಲ್ಲಿ. ಹಾಗಾಗಿ ಮುಚ್ಚುವಾಗ ಆ ಕೊನೆಯ ನಾಲ್ಕೈದು ಸುತ್ತು, ತೆರೆಯುವಾಗ ಮೊದಲ ನಾಲ್ಕೈದು ಸುತ್ತು ತೀರ ನಿಧಾನವಾಗಿರಬೇಕು. ಕಬ್ಬಿಣದ ಕೊಳವೆಯಲ್ಲಿ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಓಡುತ್ತಿರುವ ನೀರನ್ನು ತಟ್ಟನೆ ನಿಲ್ಲಿಸಿದರೆ ಚದರ ಸೆಂಟಿಮೀಟರಿಗೆ ಸುಮಾರು 10 ಕೆಜಿ ಒತ್ತಡ ಹೆಚ್ಚುವರಿಯಾಗಿ ಏಳುತ್ತದೆ. ಮನೆಗಳಿಗೆ ಬರುವ ನೀರಿನ ಒತ್ತಡ ಒಂದೆರಡು ಕೆಜಿ ಇರುವಲ್ಲಿ ಇದೇನು ಮಾಡೀತು ಎಂದು ಊಹಿಸಿ: ಹಳೆಯ ಸೀಸದ ಜಾಯಿಂಟ್ ಸಡಿಲುತ್ತದೆ, ಮೊದಲೇ ತುಕ್ಕು ತಿಂದು ತೆಳುವಾದ ಕೊಳವೆ ಬಾಯಿ ಬಿಡುತ್ತದೆ. ಮರುದಿನ "ಪೈಪ್ ಒಡೆದು ನೀರು ಪೋಲು" ಎಂಬ ಫೋಟೊ ಪತ್ರಿಕೆಯಲ್ಲಿ ಬರುತ್ತದೆ, ಕಾರಣ ಹಿಂದಿನ ರಾತ್ರಿಯ ಅವಸರ ಎಂದು ಯಾರೂ ಬರೆಯುವುದಿಲ್ಲ.

ಎರಡು ದಿನಕ್ಕೊಮ್ಮೆ ನೀರು ಬರುವ ಬೀದಿಯಲ್ಲಿ ಉಳಿದ ಹೊತ್ತು ಕೊಳವೆ ಖಾಲಿ, ಒಳಗೆ ಗಾಳಿ. ಕಬ್ಬಿಣದ ಒಳಮೈಗೆ ಗಾಳಿ ಮತ್ತು ತೇವ ಎರಡೂ ಸಿಕ್ಕಿ ತುಕ್ಕು ಬೆಳೆಯುತ್ತದೆ, ತಳದಲ್ಲಿ ಕೆಸರು ಕೂರುತ್ತದೆ. ಒಮ್ಮೆಲೇ ನೀರು ಬಿಟ್ಟಾಗ ಅದೆಲ್ಲ ಕಿತ್ತು ಬರುತ್ತದೆ. ನಿಮ್ಮ ಮೊದಲ ಹತ್ತು ನಿಮಿಷ ಅದೇ. ವಾಲ್ವನ್ನು ಹಂತಹಂತವಾಗಿ ತೆರೆದರೆ, ಏರು ಜಾಗಗಳಲ್ಲಿ ಗಾಳಿ ಹೊರಬಿಡುವ ಏರ್ ವಾಲ್ವ್ ಕೆಲಸ ಮಾಡುತ್ತಿದ್ದರೆ, ತಗ್ಗಿನ ಕೊನೆಯಲ್ಲಿರುವ ಸ್ಕೌರ್ ವಾಲ್ವನ್ನು ನಿಗದಿತವಾಗಿ ತೆರೆದು ಕೆಸರು ಹೊರಹಾಕುತ್ತಿದ್ದರೆ ಇದು ಗಣನೀಯವಾಗಿ ಇಳಿಯುತ್ತದೆ. ಏರ್ ವಾಲ್ವ್ ಕೆಟ್ಟರೆ ಇನ್ನೊಂದು ಪೀಡೆ: ಗಾಳಿಯೇ ಮನೆಯ ಮೀಟರನ್ನು ಗಿರಗಿರ ತಿರುಗಿಸುತ್ತದೆ, ಬಿಲ್ಲಿನ ಜಗಳ ಶುರು.

ಒಂದು ಎಚ್ಚರಿಕೆ. ಕೆಂಪು, ಕಂದು ಬಣ್ಣ ಸಾಮಾನ್ಯವಾಗಿ ತುಕ್ಕು. ಬಾಟಲಿಯಲ್ಲಿ ಅರ್ಧ ಗಂಟೆ ಇಟ್ಟರೆ ತಳದಲ್ಲಿ ಕೂರುತ್ತದೆ, ಮೇಲೆ ತಿಳಿಯಾಗುತ್ತದೆ. ಬೂದು ಅಥವಾ ಕಪ್ಪು ಬಣ್ಣ, ಕೊಳೆತ ಮೊಟ್ಟೆಯ ವಾಸನೆ, ನೊರೆ ಇದ್ದರೆ ಅದು ಚರಂಡಿ ನೀರು ಸೇರಿದ ಲಕ್ಷಣ. ಅದನ್ನು ಹತ್ತು ನಿಮಿಷ ಬಿಟ್ಟು ಸಂಪ್‌ಗೆ ತುಂಬಿಸಿಕೊಳ್ಳುವುದು ಪರಿಹಾರವಲ್ಲ, ಕೂಡಲೇ ದೂರು ಕೊಡಬೇಕು.

ಇನ್ನು ಸೋರಿಕೆ. ಸನ್ಮಾನದ ಪಟ್ಟಿಗಳಲ್ಲಿ ಹೆಚ್ಚಾಗಿ ಕಾಣುವುದು ದೊಡ್ಡ ಕೊಳವೆ ಒಡೆದಾಗ ರಾತ್ರಿಯಿಡೀ ನಿಂತು ಸರಿಪಡಿಸಿದ ತಂಡ. ಅವರು ಅದಕ್ಕೆ ಅರ್ಹರೇ. ಆದರೂ ಲೆಕ್ಕ ಹಾಕಿ ನೋಡಿ. ಗಂಟೆಗೆ 50 ಸಾವಿರ ಲೀಟರ್ ಚಿಮ್ಮುತ್ತಿದ್ದ ಒಡಕನ್ನು ಆರು ಗಂಟೆಯಲ್ಲಿ ಮುಚ್ಚಿದರೆ ಹೋದದ್ದು 3 ಲಕ್ಷ ಲೀಟರ್. ಮನೆಯ ಸಂಪರ್ಕದ ಫೆರೂಲ್ (ಬೀದಿಯ ಕೊಳವೆಗೆ ಮನೆಯ ಕೊಳವೆ ಸೇರುವ ಜೋಡಣೆ) ಹತ್ತಿರ, ನೆಲದಡಿಯಲ್ಲಿ, 4 ಮಿ.ಮೀ. ತೂತೊಂದಿದೆ ಎನ್ನಿ. 2 ಕೆಜಿ ಒತ್ತಡದಲ್ಲಿ ಅದರಿಂದ ಗಂಟೆಗೆ 530 ಲೀಟರಿನಷ್ಟು ಹೋಗುತ್ತದೆ. ಸದಾ ನೀರಿರುವ ಕೊಳವೆಯಾದರೆ ಮೂರು ತಿಂಗಳಲ್ಲಿ 11 ಲಕ್ಷ ಲೀಟರ್ ದಾಟುತ್ತದೆ. ಮೇಲೆ ಒಂದು ಹನಿಯೂ ಕಾಣಿಸುವುದಿಲ್ಲ, ಯಾರೂ ದೂರು ಕೊಡುವುದಿಲ್ಲ, ಪಕ್ಕದ ಮೋರಿಗೋ ಒಳಚರಂಡಿಗೋ ಸೇರಿ ಹರಿದುಹೋಗುತ್ತದೆ. ಎರಡು ದಿನಕ್ಕೊಮ್ಮೆ ನೀರು ಬಿಡುವಲ್ಲಿ ಪೋಲು ಕಡಿಮೆ, ನಿಜ. ಆದರೆ ನೀರು ನಿಂತ ಮೇಲೆ ಅದೇ ತೂತಿನಿಂದ ಹೊರಗಿನ ಕೊಳಕು ಒಳಗೆ ಬರುತ್ತದೆ.

ಇದನ್ನು ಹುಡುಕುವ ಕೆಲಸ ನಡೆಯುವುದು ರಾತ್ರಿ ಎರಡರಿಂದ ನಾಲ್ಕರೊಳಗೆ. ಜನ ಮಲಗಿರುವುದರಿಂದ ಬಳಕೆ ಕನಿಷ್ಠ. ಆಗಲೂ ವಲಯದ ಮೀಟರ್ (ಆ ಭಾಗಕ್ಕೆ ಹೋಗುವ ಒಟ್ಟು ನೀರನ್ನು ಅಳೆಯುವುದು) ಜೋರಾಗಿ ತಿರುಗುತ್ತಿದ್ದರೆ ಹೆಚ್ಚಿನ ಪಾಲು ಸೋರಿಕೆ. ಬೀದಿ ಬೀದಿಯ ವಾಲ್ವನ್ನು ಒಂದೊಂದಾಗಿ ಮುಚ್ಚುತ್ತ ಹೋದರೆ, ಯಾವುದನ್ನು ಮುಚ್ಚಿದಾಗ ಮೀಟರಿನ ಓಟ ದಿಢೀರನೆ ಇಳಿಯಿತೋ ಆ ಬೀದಿಯಲ್ಲಿ ತೂತಿದೆ. ಆಮೇಲೆ ಕಬ್ಬಿಣದ ಆಲಿಸುವ ಸಲಾಕೆಯನ್ನು ವಾಲ್ವ್ ಸ್ಪಿಂಡಲ್ ಮೇಲೆ, ಮನೆಗಳ ಸ್ಟಾಪ್‌ಕಾಕ್ ಮೇಲೆ ಇಟ್ಟು ಕಿವಿಗೊಡುತ್ತಾರೆ. ಸೋರಿಕೆಯದು ಏರಿಳಿತವಿಲ್ಲದ ಸುಯ್ ಶಬ್ದ. ಯಾರೋ ನಲ್ಲಿ ತಿರುಗಿಸಿದ ಶಬ್ದವಾದರೆ ಬಂದು ಹೋಗುತ್ತದೆ. ಟ್ರಾನ್ಸ್‌ಫಾರ್ಮರಿನ ಗುಂಯ್ ಬೇರೆ. ಕೊಳವೆಗೆ ನೇರ ಮೋಟಾರ್ ಹಾಕಿ ಎಳೆಯುವವರದ್ದು ಇನ್ನೂ ಬೇರೆ (ಅದು ಕಳ್ಳತನ, ಕೊಳವೆಯೊಳಗೆ ನಿರ್ವಾತ ಉಂಟುಮಾಡಿ ಇಡೀ ಬೀದಿಗೆ ಕೊಳಕು ಎಳೆದುಕೊಡುವ ಕಳ್ಳತನ). ಲೋಹದ ಕೊಳವೆಯಲ್ಲಿ ಶಬ್ದ ದೂರ ಹೋಗುತ್ತದೆ, ಪಿವಿಸಿಯಲ್ಲಿ ಬೇಗ ಸಾಯುತ್ತದೆ. ಎರಡು ಕಡೆ ಸಂವೇದಕ ಇಟ್ಟು ಜಾಗ ಹೇಳುವ ಕೋರಿಲೇಟರ್ ಯಂತ್ರವೂ ಇದೆ. ಆದರೆ ಎರಡು ವಾಲ್ವ್‌ಗಳ ನಡುವಿನ ಉದ್ದವನ್ನೋ ಕೊಳವೆಯ ಬಗೆಯನ್ನೋ ತಪ್ಪಾಗಿ ಕೊಟ್ಟರೆ ಅದು ಧೈರ್ಯವಾಗಿ ತಪ್ಪು ಜಾಗ ತೋರಿಸುತ್ತದೆ, ಡಾಂಬರು ಅಗೆದ ಮೇಲೆ ಒಣ ಮಣ್ಣು ಸಿಗುತ್ತದೆ. ಹಳೆಯ ಬಡಾವಣೆಯಲ್ಲಿ ಯಾವ ಕೊಳವೆ ಎಲ್ಲಿ ತಿರುಗುತ್ತದೆ ಎಂಬ ನಕ್ಷೆ ಎಷ್ಟೋ ಸಲ ಇರುವುದು ಇಪ್ಪತ್ತು ವರ್ಷ ಅಲ್ಲೇ ದುಡಿದ ಒಬ್ಬರ ತಲೆಯಲ್ಲಿ ಮಾತ್ರ. ಅವರು ನಿವೃತ್ತರಾಗುವ ಮುಂಚೆ ಅದನ್ನು ಕಾಗದಕ್ಕೆ ಇಳಿಸಿಕೊಂಡ ಕಿರಿಯ ಎಂಜಿನಿಯರ್ ಇದ್ದರೆ, ಶಾಲು ಹೊದಿಸಲು ನಮ್ಮ ಶಿಫಾರಸು ಅವರಿಗೆ.

ಸಿಕ್ಕ ಮೇಲೆ ದುರಸ್ತಿ. ಗುಂಡಿಯನ್ನು ಕೊಳವೆಗಿಂತ ಒಂದಡಿ ಆಳಕ್ಕೆ ತೋಡಬೇಕು, ಕೆಸರು ನೀರು ಅಲ್ಲಿ ನಿಂತು ಪಂಪಿಗೆ ಸಿಗುವ ಹಾಗೆ. ಅಲ್ಲಿಯತನಕ ವಾಲ್ವನ್ನು ಪೂರ್ತಿ ಮುಚ್ಚಬಾರದು, ಸಣ್ಣ ಒತ್ತಡ ಉಳಿಸಿಕೊಂಡಿರಬೇಕು. ಇಲ್ಲದಿದ್ದರೆ ಗುಂಡಿಯ ಕೆಸರೇ ಒಳಗೆ ಎಳೆದುಕೊಳ್ಳುತ್ತದೆ. ಹೊಸ ತುಂಡು, ಕ್ಲಾಂಪು, ರಬ್ಬರ್ ರಿಂಗ್ ಮೂರನ್ನೂ ಬ್ಲೀಚಿಂಗ್ ದ್ರಾವಣದಲ್ಲಿ ಒರೆಸಿ ಕೂರಿಸಬೇಕು. ಸುತ್ತ ಮರಳು, ಮೇಲೆ ಪದರ ಪದರವಾಗಿ ಮಣ್ಣು ಹಾಕಿ ದಮ್ಮಸು. ಸ್ಕೌರ್ ಬಿಟ್ಟು ನೀರು ತಿಳಿಯಾದ ಮೇಲೆ ಕ್ಲೋರಿನ್ ನೋಡಿ, ಆಮೇಲೆ ಜನರಿಗೆ ಬಿಡಬೇಕು. ಕೆಡುವುದು ಎಲ್ಲಿ ಎಂದರೆ: ಹಳೆಯ ರಿಂಗನ್ನೇ ಮತ್ತೆ ಹಾಕುತ್ತಾರೆ, ಸೈಕಲ್ ಟ್ಯೂಬ್ ಬಿಗಿದು ಮುಚ್ಚುತ್ತಾರೆ, ಕೊಳವೆಯಡಿ ಕಲ್ಲು ಬಿಡುತ್ತಾರೆ. ಮೇಲೆ ನೀರಿನ ಟ್ಯಾಂಕರ್ ಓಡಾಡಿದಾಗ ಭಾರವೆಲ್ಲ ಆ ಒಂದು ಕಲ್ಲಿನ ಮೇಲೆ ಬಿದ್ದು ಮತ್ತದೇ ಜಾಗದಲ್ಲಿ ಬಿರುಕು.

ಇಷ್ಟೆಲ್ಲ ಯಾಕೆ ಹೇಳಿದೆವೆಂದರೆ, ಪ್ರಶಸ್ತಿಗೆ ಏನನ್ನು ಎಣಿಸುತ್ತೀರಿ ಎಂಬುದರ ಮೇಲೆ ಕೆಲಸದ ರೀತಿಯೇ ಬದಲಾಗುತ್ತದೆ. "ಅತಿ ಹೆಚ್ಚು ಸೋರಿಕೆ ಸರಿಪಡಿಸಿದ ವಿಭಾಗ" ಎಂದು ಬಹುಮಾನ ಇಟ್ಟರೆ, ಸೈಕಲ್ ಟ್ಯೂಬ್ ಕಟ್ಟಿ ಅದೇ ಜಾಗವನ್ನು ಮೂರು ಸಲ ಅಗೆದವರಿಗೆ ಮೂರು ಅಂಕ, ಒಮ್ಮೆಗೇ ಸರಿ ಮಾಡಿದವರಿಗೆ ಒಂದು. "ಅತಿ ಬೇಗ ದೂರು ಮುಗಿಸಿದವರು" ಎಂದರೆ ನೀರು ಬರುವ ಮುಂಚೆಯೇ ದೂರಿನ ಸಂಖ್ಯೆಯ ಮುಂದೆ "ಇತ್ಯರ್ಥ" ಎಂದು ಬೀಳುತ್ತದೆ. ಎಣಿಸಬೇಕಾದದ್ದು ಆರು ತಿಂಗಳೊಳಗೆ ಅದೇ ಜಾಗದ ಹತ್ತು ಮೀಟರ್ ದೂರದೊಳಗೆ ಮತ್ತೆ ಅಗೆದರೋ ಇಲ್ಲವೋ ಎಂಬುದನ್ನು. ದೂರು ಕೊಟ್ಟವರಿಗೇ ಫೋನ್ ಮಾಡಿ ಕೇಳಿದ ಮೇಲಷ್ಟೇ ದೂರು ಮುಗಿಯಬೇಕು.

ನೀರಿನ ಸುದ್ದಿಯೆಂದರೆ ನಮ್ಮಲ್ಲಿ ಹೊಸ ಯೋಜನೆಯ ಉದ್ಘಾಟನೆಯೇ. ಬೆಂಗಳೂರನ್ನೇ ತೆಗೆದುಕೊಳ್ಳಿ. 1894ರಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ, 1964ರಲ್ಲಿ ಜಲಮಂಡಳಿಯ ಸ್ಥಾಪನೆ, 1974ರಿಂದ ಕಾವೇರಿಯ ಹಂತಗಳು, 2024ರ ಅಕ್ಟೋಬರ್ 16ರಂದು ದಿನಕ್ಕೆ 77.5 ಕೋಟಿ ಲೀಟರಿನ ಐದನೇ ಹಂತ, ಅದೂ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ. ಎಲ್ಲವೂ ಮುಖಪುಟದ ಸುದ್ದಿ, ಆಗಲೇಬೇಕು. ಈ ಹಂತದೊಂದಿಗೆ ಕಾವೇರಿ ಯೋಜನೆಗಳ ಒಟ್ಟು ಸಾಮರ್ಥ್ಯ ದಿನಕ್ಕೆ ಸುಮಾರು 222 ಕೋಟಿ ಲೀಟರ್. ಇದರ ಶೇ 1ರಷ್ಟು ಸೋರಿಕೆ ನಿಂತರೆ ಉಳಿಯುವುದು 2.2 ಕೋಟಿ ಲೀಟರ್. ತಲೆಗೆ 135 ಲೀಟರಿನಂತೆ 1.6 ಲಕ್ಷ ಜನರ ದಿನದ ನೀರು. ಅದೂ ತೊರೆಕಾಡನಹಳ್ಳಿಯ ಪಂಪಿಂಗ್ ಕೇಂದ್ರದಿಂದ ಹಾರೋಹಳ್ಳಿ, ತಾತಗುಣಿಯ ಕೇಂದ್ರಗಳನ್ನು ದಾಟಿ, ನೂರು ಕಿಲೋಮೀಟರಿನಷ್ಟು ದೂರ, 500 ಮೀಟರಿನಷ್ಟು ಎತ್ತರಕ್ಕೆ ಪಂಪ್ ಮಾಡಿ ತಂದ ನೀರು. ಸಾವಿರ ಲೀಟರನ್ನು ಅಷ್ಟು ಎತ್ತರಕ್ಕೆ ಏರಿಸಲು, ಪಂಪು ಮೋಟಾರಿನ ನಷ್ಟ ಸೇರಿ, 2 ಯೂನಿಟ್ ಹತ್ತಿರ ವಿದ್ಯುತ್ ಬೇಕು. ಅಲ್ಲಿ ನೆಲದಡಿಯ ಆ 4 ಮಿ.ಮೀ. ತೂತು ಹಗಲೂ ರಾತ್ರಿ ಸೋರಿದರೆ ದಿನಕ್ಕೆ 25 ಯೂನಿಟ್ ಕರೆಂಟನ್ನೂ ಕುಡಿದಂತೆ. ಇಂಥದ್ದನ್ನು ಮುಚ್ಚಿದವರ ಹೆಸರು ಹಾಕಲು ನಮಗೆ ಎರಡು ಕಾಲಂ ಹೆಚ್ಚೆನಿಸುವುದಿಲ್ಲ.

ಕಣ್ಣಿಗೆ ಬೀಳದ ಇನ್ನೊಬ್ಬರು ಕ್ಲೋರಿನ್ ನೋಡಿಕೊಳ್ಳುವವರು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಉಳಿಕೆ ಕ್ಲೋರಿನ್ (ರೋಗಾಣು ಕೊಂದ ಮೇಲೂ ನೀರಿನಲ್ಲಿ ಉಳಿಯುವಷ್ಟು) ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಇರಬೇಕಾದ್ದು ಗ್ರಾಹಕರ ನಲ್ಲಿಯಲ್ಲಿ, ಪಂಪ್‌ಹೌಸಿನಲ್ಲಿ ಅಲ್ಲ. ಒಂದು ಲಕ್ಷ ಲೀಟರಿನ ಟ್ಯಾಂಕಿಗೆ ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಕೊಡಲು, ಶೇ 25 ಸತ್ವವಿರುವ ಬ್ಲೀಚಿಂಗ್ ಪುಡಿ 400 ಗ್ರಾಂ ಸಾಕು. ಆದರೆ ಬಾಯಿ ಬಿಟ್ಟ ಚೀಲ, ಸೆಕೆ, ತೇವ ಇದ್ದಲ್ಲಿ ಸತ್ವ ತಿಂಗಳುಗಳಲ್ಲಿ ಇಳಿದುಹೋಗಿರುತ್ತದೆ. ಅಳತೆ ಸರಿಯಿದ್ದೂ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಸುರಿಯಬೇಕು, ಅರ್ಧ ಗಂಟೆ ಬಿಡಬೇಕು. ಸಾಲಿನ ಕಟ್ಟಕಡೆಯ ಮನೆಗೆ ಹೋಗಿ ಕ್ಲೋರಿನ್ ಪರೀಕ್ಷಿಸುವ ಡಿಪಿಡಿ ಮಾತ್ರೆಯನ್ನು ನೀರಿನ ಮಾದರಿಗೆ ಹಾಕಿ ಗುಲಾಬಿ ಬಣ್ಣ ಬಂತೇ ಎಂದು ನೋಡುವವರು ಪ್ರಯೋಗಾಲಯದ ಕಿರಿಯ ಸಿಬ್ಬಂದಿ. ನಿಮ್ಮ ಬೀದಿ ಕೊನೆಯಲ್ಲಿದ್ದರೆ ಅವರನ್ನು ನೀವು ನೋಡಿರಬೇಕು. ನೋಡಿಲ್ಲವಾದರೆ ಅದೂ ಒಂದು ಸುದ್ದಿ, ಬರೆದು ತಿಳಿಸಿ. ಮೀಟರ್ ಓದುವವರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಿಂತ ಮೀಟರನ್ನು ನಿಂತಿದೆ ಎಂದೇ ಬರೆಯುವುದು ಅವರಿಂದ ಬೇಕಾದ ಪ್ರಾಮಾಣಿಕತೆ.

ಒಳಚರಂಡಿ ಕಾರ್ಮಿಕರ ಸನ್ಮಾನದ ವಿಷಯದಲ್ಲಿ ಮಾತ್ರ ನಾವು ನಿಮಗಿಂತ ಖಾರ. "ಪ್ರಾಣ ಪಣಕ್ಕಿಟ್ಟು ಮ್ಯಾನ್‌ಹೋಲಿಗೆ ಇಳಿದು ಕಟ್ಟಿಕೊಂಡಿದ್ದನ್ನು ಬಿಡಿಸಿದರು" ಎಂಬ ಹೊಗಳಿಕೆಯ ಪ್ರಕಟಣೆ ಬಂದರೆ ಅದು ಸನ್ಮಾನದ ಪುಟಕ್ಕೆ ಹೋಗಬಾರದು. ರಕ್ಷಣಾ ಸಾಧನವಿಲ್ಲದೆ ಒಳಗಿಳಿಸುವುದನ್ನು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಅಪರಾಧವೆನ್ನುತ್ತದೆ. ಇಳಿದು ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಲ್ಲಿನ ಹೈಡ್ರೋಜನ್ ಸಲ್ಫೈಡ್ ಅನಿಲ ಮೊದಲು ಕೊಳೆತ ಮೊಟ್ಟೆಯ ವಾಸನೆ ಕೊಡುತ್ತದೆ, ಪ್ರಮಾಣ 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ನೂರು ಭಾಗ) ಹತ್ತಿರ ಬಂದಾಗ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ಹೋಯಿತು, ಇನ್ನು ಇಳಿಯಬಹುದು ಎಂದುಕೊಂಡವರು ಹಿಂದೆ ಬಂದಿಲ್ಲ. ಕಾಪಾಡಲು ಇಳಿದ ಎರಡನೆಯವರೂ ಅಷ್ಟೇ. ನೀರನ್ನು ರಭಸವಾಗಿ ಚಿಮ್ಮಿಸಿ ಕಟ್ಟಿಕೊಂಡಿದ್ದನ್ನು ಬಿಡಿಸುವ ಜೆಟ್ಟಿಂಗ್ ಯಂತ್ರ ಬರುವವರೆಗೆ ಯಾರನ್ನೂ ಇಳಿಸದೆ, ಮೇಲಿನವರ ಬೈಗುಳ ತಿಂದು ನಿಂತ ಮೇಲ್ವಿಚಾರಕರಿದ್ದರೆ ಅವರ ಫೋಟೊ ಕಳಿಸಲಿ, ದೊಡ್ಡದಾಗಿ ಹಾಕುತ್ತೇವೆ.

ಪಟ್ಟಿ ತಯಾರಾಗುವ ಬಗೆಯಲ್ಲಿ ಒಂದು ದೋಷ ಎಲ್ಲ ಊರಿಗೂ ಸಾಮಾನ್ಯ. ವಾಲ್ವ್ ತಿರುಗಿಸುವವರು, ಮೀಟರ್ ಓದುವವರು, ಜೆಟ್ಟಿಂಗ್ ಯಂತ್ರದವರು ಅನೇಕ ಕಡೆ ಗುತ್ತಿಗೆಯವರು. ಪ್ರಶಸ್ತಿ ಕಾಯಂ ನೌಕರರಿಗೆ. ಹೆಸರು ಸೂಚಿಸುವವರು ಮೇಲಧಿಕಾರಿಗಳು. ಹಾಗಾಗಿ ಯಾರ ಕೈಯಲ್ಲಿ ಕೀ ಇದೆಯೋ ಅವರ ಹೆಸರು ಪಟ್ಟಿಗೆ ಬರುವ ದಾರಿಯೇ ಇರುವುದಿಲ್ಲ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ವಾರ್ಡುಗಳಲ್ಲಿ 2008ರ ಹೊತ್ತಿಗೆ ದಿನದ 24 ಗಂಟೆ ನೀರು ಕೊಡುವ ಪ್ರಯೋಗ ಶುರುವಾಯಿತು. ಕೊಳವೆ ಸದಾ ತುಂಬಿದ್ದರೆ ವಾಲ್ವ್ ತಿರುಗಿಸುವ ಕೆಲಸವೇ ಇಳಿಯುತ್ತದೆ, ಅದೇ ಕೈಗಳು ಸೋರಿಕೆ ಹುಡುಕುವುದಕ್ಕೆ, ಮೀಟರ್ ನೋಡುವುದಕ್ಕೆ ತಿರುಗಬೇಕಾಗುತ್ತದೆ. ಅಂಥ ತರಬೇತಿ ಯಾರಿಗೆ ಸಿಕ್ಕಿತು, ಗುತ್ತಿಗೆಯವರಿಗೆ ಸಿಕ್ಕಿತೇ ಎಂಬುದು ಯಾವ ಶಾಲಿಗಿಂತಲೂ ಮುಖ್ಯ.

ನಿಮ್ಮ ಕೊನೆಯ ಪ್ರಶ್ನೆಗೆ ಬರೋಣ. ಸನ್ಮಾನಕ್ಕೆ ಮುಂಚೆ ನಿಮ್ಮ ಬೀದಿಯಲ್ಲೇ ಒಂದು ತಿಂಗಳ ಲೆಕ್ಕ ಇಡಿ: ನೀರು ಬಂದ ದಿನ, ಶುರುವಾದ ಗಂಟೆ, ನಿಂತ ಗಂಟೆ, ಬಣ್ಣ ಎಷ್ಟು ನಿಮಿಷ, ಬೀದಿಯ ಮೊದಲ ಮನೆ ಮತ್ತು ಕೊನೆಯ ಮನೆಯಲ್ಲಿ ಒಂದು ಬಕೆಟ್ ತುಂಬಲು ಎಷ್ಟು ಸೆಕೆಂಡು. ಈ ಹಾಳೆಯೇ ಕೆಂಪು ನೀರಿನ ದೂರಿಗೂ ಆಧಾರವಾಗುತ್ತದೆ. ಗ್ರಾಹಕ ಸಂಖ್ಯೆ, ಪಾರದರ್ಶಕ ಬಾಟಲಿಯಲ್ಲಿ ಹಿಡಿದ ನೀರಿನ ಫೋಟೊ, ಹಿಡಿದ ಹೊತ್ತು ಇವಿಷ್ಟನ್ನು ಜೊತೆಗಿಟ್ಟು ಕೊಡಿ. ಬೆಂಗಳೂರಿನ ಓದುಗರು ಇದನ್ನೇ ಜಲಮಂಡಳಿಯ 1916ಕ್ಕೆ ಹೇಳಿ ದೂರಿನ ಸಂಖ್ಯೆ ಬರೆದುಕೊಳ್ಳಬಹುದು. "ಯಾವಾಗಲೂ ಕೊಳಕು" ಎಂದು ಬರೆದ ಅರ್ಜಿಗೆ ಯಾವ ಎಂಜಿನಿಯರೂ ಏನೂ ಮಾಡಲಾರರು.

ಹಾಳೆ ನೋಡಿದ ಮೇಲೂ ಅವರು ಸನ್ಮಾನಕ್ಕೆ ಅರ್ಹರೆನಿಸಿದರೆ, ಹಾರಕ್ಕಿಂತ ಮೊದಲು ಒಂದು ಪತ್ರ ಬರೆಯಿರಿ. ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಹೆಸರಿಗೆ, ಪ್ರತಿ ಮುಖ್ಯ ಎಂಜಿನಿಯರಿಗೆ, ದಿನಾಂಕಗಳ ಸಮೇತ: ಇಂಥ ದಿನ ಇಂಥ ಕಡೆ ಸೋರಿಕೆ ತೋರಿಸಿದರು, ಇಷ್ಟು ತಿಂಗಳು ಹೇಳಿದ ಹೊತ್ತಿಗೆ ನೀರು ಬಿಟ್ಟರು. ಕಾಯಂ ನೌಕರರಾದರೆ ಅದನ್ನು ಸೇವಾ ದಾಖಲೆಗೆ ಸೇರಿಸಬೇಕೆಂದು ಕೋರಿ. ಗುತ್ತಿಗೆಯವರಾದರೆ ಅದೇ ಪತ್ರದ ಸಹಿ ಮಾಡಿದ ಪ್ರತಿಯೊಂದನ್ನು ಅವರ ಕೈಗೆ ಕೊಡಿ. ಗುತ್ತಿಗೆದಾರರು ಬದಲಾದಾಗ ಹಳಬರನ್ನು ಉಳಿಸಿಕೊಳ್ಳಿ ಎಂದು ಕೇಳಲು ಅದು ಕೆಲಸಕ್ಕೆ ಬರುತ್ತದೆ. ಪಿಎಫ್, ಇಎಸ್‌ಐ ಕಟ್ಟುತ್ತಿದ್ದಾರೆಯೇ ಎಂದು ನಿಮ್ಮ ಸಂಘ ಕಚೇರಿಯಲ್ಲಿ ವಿಚಾರಿಸಿದರೆ ಇನ್ನೂ ಒಳ್ಳೆಯದು. ಹಣ ಕೊಡಬೇಡಿ: ಇಂದು ಮೆಚ್ಚುಗೆಗೆ ಕೊಟ್ಟದ್ದು ನಾಳೆ ಪಕ್ಕದ ಬೀದಿಯವರಿಗೆ ದರಪಟ್ಟಿಯಾಗುತ್ತದೆ. ಏನಾದರೂ ಕೊಡಲೇಬೇಕೆಂದರೆ ಅವರ ಅಳತೆಯ ಗಮ್‌ಬೂಟು, ಮಳೆಕೋಟು, ತಲೆಗೆ ಕಟ್ಟುವ ಟಾರ್ಚು ಕೊಡಿ. ಸಮಾರಂಭದ ವೇಳೆಯನ್ನು ಅವರನ್ನೇ ಕೇಳಿ ಗೊತ್ತುಮಾಡಿ. ಬೆಳಗಿನ ಸರದಿ ಇರುವವರಾದರೆ ಹನ್ನೊಂದರ ಮೇಲೆ ಇಟ್ಟುಕೊಳ್ಳಿ. ಅತಿಥಿಗಳು ತಡವಾಗಿ ಬಂದರೆಂದು ಅವರನ್ನು ಕೂರಿಸಿಕೊಂಡರೆ ಆ ದಿನ ಇನ್ಯಾವುದೋ ಬೀದಿಗೆ ನೀರು ತಡವಾಗುತ್ತದೆ.

– ಸಂ.